‘ಬೇಡ’ದ ತುದಿ

ಮೌನಂ ಸಮ್ಮತಿ ಲಕ್ಷಣಂ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಆ ಮಾತನ್ನು ಅಕ್ಷರಶಃ ನಂಬಿಕೊಂಡು ಬದುಕುತ್ತಿರುವವರು ಮಾತ್ರ ಸ್ಕೆಲ್‌ಬೆಕ್ ಊರಿನ ಕ್ವೇಕರರು, ಒಬ್ಬರನ್ನೊಬ್ಬರು ‘ಸ್ನೇಹಿತ’ ಎಂದೇ ಕರೆಯುವ ಒಂದು ಕ್ರೈಸ್ತ ಪಂಗಡ. ಅವರಲ್ಲಿ ಪಾದ್ರಿಯಿಲ್ಲ, ಪ್ರವಚನವಿಲ್ಲ, ಕೈಯೆತ್ತಿ ಮತ ಹಾಕುವುದಂತೂ ಇಲ್ಲವೇ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ. ಒಬ್ಬರೇ ಒಬ್ಬರು ‘ನನಗೆ ಒಪ್ಪಿಗೆಯಿಲ್ಲ’ ಎಂದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಯಾರೂ ಏನೂ ಅನ್ನದಿದ್ದರೆ ಮುಗಿಯಿತು, ಅದು ದೇವರ ಇಚ್ಛೆ.

ಲಯನೆಲ್ ಥ್ವೇಟ್ ಕೆಟ್ಟದ್ದು ಇಲ್ಲಿಯೇ. ಹೋದ ತಿಂಗಳ ಸಭೆಯಲ್ಲಿ ಎನಿಡ್ ಮೆಟ್ಕಾಫ್ ಎದ್ದು ನಿಂತು, “ದೂರದ ಆರ್ಕ್ನಿ ದ್ವೀಪದಲ್ಲಿ ನಮ್ಮ ಸ್ನೇಹಿತರದ್ದೊಂದು ವಿಶ್ರಾಂತಿ ಮನೆ ಇದೆಯಲ್ಲ, ಅದನ್ನ ನೋಡ್ಕೊಳ್ಳೋಕೆ ಜನ ಬೇಕಂತೆ. ಮೂರು ವರ್ಷ. ಸಭೆ ಒಪ್ಪಿದರೆ ನಾನು ಹೋಗ್ತೀನಿ,” ಎಂದಳು. ಸಭೆ ಸುಮ್ಮನಿತ್ತು. ಲಯನೆಲ್ ಬಾಯಿ ತೆರೆಯಲು ನೋಡಿದ. ಅದು ಮಳೆಗಾಲದ ಕಿಟಕಿಯಂತೆ ಉಬ್ಬಿ ಕೂತಿತ್ತು. ಪಾಪ, ಜೀವಮಾನವೆಲ್ಲ ಬಸ್ ಓಡಿಸಿದವನು. ‘ಚಾಲಕನೊಂದಿಗೆ ಮಾತಾಡಬೇಡಿ’ ಎಂಬ ಫಲಕದ ಕೆಳಗೆ ಕೂತು ಕೂತು, ಕೊನೆಗೆ ಫಲಕವೇ ಅವನ ಹೊಟ್ಟೆಯೊಳಕ್ಕೆ ಇಳಿದುಬಿಟ್ಟಿತ್ತು.

“ಎಲ್ಲರೂ ಒಮ್ಮನಸ್ಸಿಂದ ಒಪ್ಪಿದ್ದೀರಿ,” ಎಂದಳು ಜಾಯ್ಸ್ ಆಲ್ಡರ್ಸನ್. ಅವಳು ಸಭೆಯ ಗುಮಾಸ್ತೆ. ಪಾದ್ರಿ ಇಲ್ಲದ ಕಡೆ ಗುಮಾಸ್ತೆಯೇ ಹಿರಿತಲೆ.

ಸೋಮವಾರ ಎನಿಡ್ ಹೊರಡುವವಳು. ಇವತ್ತು ಶನಿವಾರ. ಮಾತಾಡಿದರೆ ಇವತ್ತು, ಇಲ್ಲದಿದ್ದರೆ ಇಲ್ಲ ಎಂದು ಲಯನೆಲ್ ಗಡ್ಡ ಹೆರೆಯುವಾಗಲೇ ಕನ್ನಡಿಗೆ ಹೇಳಿಕೊಂಡಿದ್ದ. ಆ ಭರದಲ್ಲಿ ಗಲ್ಲ ಕೊಯ್ದುಕೊಂಡು, ಅಲ್ಲೊಂದು ಕಾಗದದ ಚೂರು ಅಂಟಿಸಿಕೊಂಡೇ ಸಂತೆ ಚೌಕಕ್ಕೆ ಬಂದ.

ದೇಶಕ್ಕೆ ಅಣ್ವಸ್ತ್ರದ ಕ್ಷಿಪಣಿಗಳು ಬರುತ್ತವೆಂದು ಸುದ್ದಿಯಾದಾಗಿನಿಂದ ಸ್ಕೆಲ್‌ಬೆಕ್ಕಿನ ಕ್ವೇಕರರು ಶನಿವಾರ ಬೆಳಿಗ್ಗೆ ಚೌಕದಲ್ಲಿ ಒಂದು ಗಂಟೆ ಮೌನವಾಗಿ ನಿಲ್ಲುತ್ತಾರೆ. ಎರಡು ಕೋಲು, ನಡುವೆ ಉದ್ದನೆಯ ಬಿಳಿ ಬಟ್ಟೆ, ಅದರ ಮೇಲೆ ‘ನಮಗೆ ಯುದ್ಧ ಬೇಡ’ ಎಂಬ ಆನೆ ಗಾತ್ರದ ಅಕ್ಷರಗಳು. ‘ನಮಗೆ’ಯ ಕೋಲು ಎನಿಡ್‌ಳದು. ‘ಬೇಡ’ದ ಕೋಲು ಲಯನೆಲ್‌ನದು. ಇಬ್ಬರ ನಡುವೆ ಯಾವಾಗಲೂ ಯುದ್ಧವೇ.

ಹೆಂಡತಿ ತೀರಿಹೋದ ಮೇಲೆ ಲಯನೆಲ್ ವಾರವಿಡೀ ಬದುಕುತ್ತಿದ್ದುದು ಈ ಒಂದು ಗಂಟೆಗಾಗಿ. ಎನಿಡ್‌ಳನ್ನು ಅವನು ಎದುರಿನಿಂದ ನೋಡಿದ್ದು ಕಡಿಮೆ. ಅವನಿಗೆ ಗೊತ್ತಿದ್ದುದು ಅವಳ ಒಂದು ಪಕ್ಕ ಮಾತ್ರ: ಟೋಪಿಯಿಂದ ತಪ್ಪಿಸಿಕೊಂಡ ನರೆಗೂದಲು, ನೀಲಿ ಕೈಗವಸು, ಚಳಿಗೆ ಕೆಂಪಾದ ಒಂದು ಕಿವಿ. ಅವಳು ಕಾಲು ಬದಲಿಸಿ ನಿಂತರೆ ಬಟ್ಟೆಯ ಮೂಲಕ ಸಣ್ಣ ಎಳೆತವೊಂದು ಬಂದು ಅವನ ಅಂಗೈಗೆ ತಾಗುತ್ತಿತ್ತು. ಅವನೂ ಕಾಲು ಬದಲಿಸುತ್ತಿದ್ದ. ಅವರ ಸಂಭಾಷಣೆ ಎಂದರೆ ಇಷ್ಟೇ.

“ಏನ್ ಲಯನೆಲ್ಲು, ಇವತ್ತೂ ಬಟ್ಟೆ ಒಣಗ್ ಹಾಕೋಕ್ ಬಂದ್ರಾ?” ಎಂದ ಚೀಸ್ ಅಂಗಡಿಯ ಡೆನಿಸ್. ಅವನಿಗೆ ಪ್ರತಿ ವಾರ ಇದೊಂದೇ ಜೋಕು.

ಲಯನೆಲ್ “ಎನಿಡ್,” ಎಂದು ಮೆಲ್ಲಗೆ ಕರೆದ. ಗಾಳಿ ಬಟ್ಟೆಯನ್ನು ಪಟಪಟಿಸಿತು. “ಎನಿಡ್,” ಎಂದು ಇನ್ನೊಂದು ಸಲ ಕರೆದ.

“ಶ್,” ಎಂದಳು ಜಾಯ್ಸ್. ಚೌಕದ ಆಚೆ ಬದಿಯಲ್ಲಿ ಕರಪತ್ರ ಹಂಚುತ್ತಿದ್ದರೂ ಅವಳ ಕಿವಿ ಇಲ್ಲೇ ಇತ್ತು.

ಕೂಗುವಂತಿಲ್ಲ ಎಂದಾದರೆ ಹತ್ತಿರ ಹೋಗಬೇಕು. ಕೋಲು ಬಿಟ್ಟು ಹೋಗುವಂತಿಲ್ಲ. ಆಗ ಲಯನೆಲ್‌ಗೆ ಒಂದು ಉಪಾಯ ಹೊಳೆಯಿತು. ಕೋಲನ್ನು ಒಂದು ಸುತ್ತು ತಿರುಗಿಸಿದ. ಬಟ್ಟೆ ಒಂದು ಸುತ್ತು ಕೋಲಿಗೆ ಸುತ್ತಿಕೊಂಡಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಯಾರೂ ನೋಡಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಹೆಜ್ಜೆ. ಗೋಡೆಯ ಮೇಲಿನ ಹಲ್ಲಿ ಹುಳದ ಕಡೆ ಹೋಗುವ ಹಾಗೆ, ಮುಖ ಮುಂದಕ್ಕೇ ಇಟ್ಟುಕೊಂಡು ಮೈ ಮಾತ್ರ ಸರಿಸುತ್ತ ಹೋದ. ಈಗ ಅವಳ ಕಿವಿಯ ಹಿಂದಿನ ಮಚ್ಚೆ ಕಾಣುತ್ತಿತ್ತು. ಇಷ್ಟು ವರ್ಷ ಅಲ್ಲೊಂದು ಮಚ್ಚೆಯಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ನೋಡುತ್ತ ಆಡಬೇಕಾದ ಮಾತೇ ಮರೆತುಹೋಯಿತು.

ಅಷ್ಟರಲ್ಲಿ ಎದುರಿಗೆ ಬೂಟಿನ ಸದ್ದು ನಿಂತಿತು. ನಿವೃತ್ತ ಮೇಜರ್ ಪಿಕರ್ಸ್‌ಗಿಲ್. ಕ್ವೇಕರರು ದೇಶ ಮಾರುವವರು ಎಂದು ಪ್ರತಿ ಶನಿವಾರ ತಪ್ಪದೆ ಬೈದು ಹೋಗುವ ಮನುಷ್ಯ. ಇವತ್ತು ಬಟ್ಟೆಯನ್ನು ಓದಿದರು, ಮತ್ತೊಮ್ಮೆ ಓದಿದರು, ಟೋಪಿ ತೆಗೆದರು. ಲಯನೆಲ್‌ನ ಕೈ ಹಿಡಿದು ಅಲುಗಿಸಿದರು.

“ಕೊನೆಗೂ ಬುದ್ಧಿ ಬಂತಲ್ಲಪ್ಪ ನಿಮಗೆ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. “ನಾನು ಇಷ್ಟು ವರ್ಷ ಬಡ್ಕೊಂಡಿದ್ದು ಇದನ್ನೇ.”

ಚೀಸ್ ಅಂಗಡಿಯಿಂದ ನಗು ಸಿಡಿಯಿತು. “ಬನ್ರೋ, ನೋಡ್ರೋ, ಕ್ವೇಕರ್ರು ಯುದ್ಧ ಸಾರವ್ರೆ.”

ಜಾಯ್ಸ್ ಕರಪತ್ರಗಳನ್ನು ಉದುರಿಸುತ್ತ ಓಡಿಬಂದಳು. ಬಟ್ಟೆಯ ಮೇಲೆ ಉಳಿದಿದ್ದುದು ‘ನಮಗೆ ಯುದ್ಧ’ ಎಂಬ ಎರಡೇ ಪದ.

“ಲಯನೆಲ್, ‘ಬೇಡ’ ಎಲ್ಲಿ?”

“ಇಲ್ಲೇ ಇದೆ. ಸುತ್ಕೊಂಡಿದೆ.”

“ಬಿಚ್ಚಿ. ಮೊದಲು ಬಿಚ್ಚಿ. ಮುನ್ನೂರು ವರ್ಷದಿಂದ ಉಳಿಸ್ಕೊಂಡು ಬಂದಿರೋ ಮರ್ಯಾದೆ.”

“ಗಾಳಿ ಕಣ್ರೀ, ಗಾಳಿಗೆ...”

“ಗಾಳಿ ಬಟ್ಟೆ ಹಾರಿಸುತ್ತೆ, ಅಷ್ಟು ನೀಟಾಗಿ ಸುತ್ತಲ್ಲ.”

ಲಯನೆಲ್ ಸುತ್ತು ಬಿಚ್ಚುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ತನ್ನ ತುದಿಗೆ ವಾಪಸಾದ. ಕೋಲು ನಡುಗುತ್ತಿತ್ತು. ಅತ್ತ ನೋಡಿದರೆ ಎನಿಡ್ ಬಟ್ಟೆಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆ ನಗು ಬಟ್ಟೆಯ ಉದ್ದಕ್ಕೂ ಹರಿದು ಬಂದು ಅವನ ಅಂಗೈಯಲ್ಲಿ ನಿಂತಿತು. ಆ ಗಳಿಗೆಯಲ್ಲಿ ಯುದ್ಧವೇ ಆದರೂ ಅವನಿಗೆ ಬೇಸರವಿರಲಿಲ್ಲ.

ಮಧ್ಯಾಹ್ನ ಸಭಾಮನೆಯಲ್ಲಿ ಬೀಳ್ಕೊಡುಗೆ ಊಟ. ಕ್ವೇಕರರ ಊಟವೆಂದರೆ ಪ್ರತಿಯೊಬ್ಬರೂ ಮನೆಯಿಂದ ಏನಾದರೊಂದು ಮಾಡಿಕೊಂಡು ಬರುವುದು, ಬಂದು ನೋಡಿದರೆ ಎಲ್ಲರೂ ಬೇಳೆಯ ಸೂಪನ್ನೇ ತಂದಿರುವುದು. ಊಟದ ನಂತರ ಎನಿಡ್ ತಟ್ಟೆ ತೊಳೆಯಲು ನಿಂತಳು. ಲಯನೆಲ್ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದ. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಬೆಳಿಗ್ಗೆ ನನ್ನ ಕಡೆಗೆ ಯಾಕೆ ಬರ್ತಿದ್ರಿ?” ಎಂದಳು ಎನಿಡ್, ನೊರೆಯೊಳಗೆ ಕಣ್ಣಿಟ್ಟು.

“ಒಂದು ಮಾತು ಕೇಳೋಣ ಅಂತ.” ಅವನು ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದ. “ಯಾಕೆ ಹೋಗ್ತಿದ್ದೀರಿ?”

“ಯಾಕೆ ಅಂದ್ರೆ...” ಅವಳು ಕೈ ನಿಲ್ಲಿಸಿದಳು. “ಇಲ್ಲಿ ನಾನು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಅನ್ನಿಸ್ತಿತ್ತು. ಅದಕ್ಕೇ ಸಭೇನ ಕೇಳಿದೆ. ನಿಜ ಹೇಳ್ಲಾ, ಯಾರಾದ್ರೂ ಒಬ್ಬರು ಬೇಡ ಅಂತಾರೇನೋ ಅಂತ ಕಾದೆ. ಯಾರೂ ಅನ್ನಲಿಲ್ಲ.”

“ಎನಿಡ್, ನಾನು...”

“ಆ ಸೂಪು ಉಳಿದಿದ್ಯೇನಮ್ಮಾ?” ಬಾಗಿಲಲ್ಲಿ ನಾರ್ಮನ್, ಕೈಯಲ್ಲಿ ಬೋಗುಣಿ. ಮೊದಲ ಮಹಾಯುದ್ಧದಲ್ಲಿ ಬಂದೂಕು ಮುಟ್ಟುವುದಿಲ್ಲ ಎಂದು ಜೈಲು ಸೇರಿದ್ದ, ಈಗ ಎಂಬತ್ತು ದಾಟಿದ ಮುದುಕ. ಸೈನ್ಯಕ್ಕೆ ಹೆದರದವನು, ಬೇರೆಯವರ ಖಾಸಗಿ ಮಾತಿಗೆ ಹೆದರುತ್ತಾನೆಯೇ? ಎನಿಡ್ ಸೂಪು ಬಿಸಿ ಮಾಡಿಕೊಟ್ಟಳು. ಅವನು ಅಲ್ಲೇ ಕುರ್ಚಿ ಎಳೆದುಕೊಂಡು ಚಪ್ಪರಿಸಿ ಕುಡಿದು, ಇನ್ನಷ್ಟು ಹಾಕಿಸಿಕೊಂಡ. ಅದು ಮುಗಿಯುವಷ್ಟರಲ್ಲಿ ಜಾಯ್ಸ್ ಎಲ್ಲರನ್ನೂ ಸಭೆಗೆ ಕರೆದಳು.

ಬೆಂಚುಗಳ ಮೇಲೆ ಎಲ್ಲರೂ ಕೂತರು. ಮೌನ ಇಳಿಯಿತು. ಅಡುಗೆಮನೆಯಲ್ಲಿ ಎನಿಡ್ ಹೇಳಿದ್ದು ಲಯನೆಲ್‌ನ ಎದೆಯಲ್ಲಿ ಬಾಗಿಲು ಬಡಿಯುತ್ತಿತ್ತು. ಯಾರಾದರೂ ಒಬ್ಬರು. ಒಬ್ಬರೇ ಸಾಕಿತ್ತು. ಆ ಒಬ್ಬ ತಾನೇ ಆಗಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವನಿಗೆ ಗೊತ್ತಾಗುವ ಮೊದಲೇ ಕಾಲುಗಳು ಎದ್ದು ನಿಂತಿದ್ದವು.

“ಎನಿಡ್ ಹೋಗೋದು ಬೇಡ,” ಎಂದ.

ಅವನು ಕುರುಡನಂತೆ ಮುಂದಿನ ಬೆಂಚು ಹಿಡಿದುಕೊಂಡ. “ಅವರು ಹೋದರೆ ಶನಿವಾರ ಶನಿವಾರದ ಹಾಗಿರಲ್ಲ. ಯಾವ ವಾರವೂ ಇರಲ್ಲ. ಅವರು ಬೇಕು.”

ಕೂತುಬಿಟ್ಟ. ‘ನನಗೆ’ ಎಂಬ ಒಂದು ಪದ ಗಂಟಲಿನಲ್ಲೇ ಉಳಿದಿತ್ತು. ಉಸಿರು ಎಳೆದುಕೊಂಡು ಅದನ್ನೂ ಹೇಳಿಬಿಡೋಣವೆಂದು ಏಳುವಷ್ಟರಲ್ಲಿ ನಾರ್ಮನ್ ಎದ್ದಾಗಿತ್ತು.

“ಈ ಸ್ನೇಹಿತ ನನ್ನ ಮನಸ್ಸಿನ ಮಾತನ್ನೇ ಆಡಿದ,” ಎಂದ ನಾರ್ಮನ್.

ಕ್ವೇಕರರಲ್ಲಿ ಒಪ್ಪಿಗೆ ಸೂಚಿಸುವ ಪದ್ಧತಿಯೇ ಅದು. ಕಿಟಕಿ ಪಕ್ಕದ ಹೆಂಗಸು ಎದ್ದಳು. “ಸ್ನೇಹಿತ ನನ್ನ ಮನಸ್ಸಿನ ಮಾತನ್ನೇ ಆಡಿದ.” ಸಭಾಮನೆಯ ಬಾಯ್ಲರಿನ ವಿಷಯಕ್ಕೆ ಎನಿಡ್‌ಳೊಂದಿಗೆ ಮಾತು ಬಿಟ್ಟಿದ್ದ ಖಜಾಂಚಿ ಎದ್ದ. “ನನ್ನದನ್ನೂ.” ಒಬ್ಬರಾದ ಮೇಲೆ ಒಬ್ಬರು, ಬೆಂಚಿನಿಂದ ಬೆಂಚಿಗೆ, ಎಲ್ಲರ ಮನಸ್ಸೂ ಅದೇ ಆಯಿತು. ಲಯನೆಲ್‌ನ ಪ್ರೀತಿ ಗುಡಿಯ ಪ್ರಸಾದದ ಹಾಗೆ ಎಲ್ಲರ ಕೈಗೂ ಒಂದೊಂದು ಚಿಟಿಕೆ ಹಂಚಿಹೋಗಿ, ತಂದವನಿಗೆ ಖಾಲಿ ತಟ್ಟೆ ಉಳಿಯಿತು.

ಎನಿಡ್ ಕರವಸ್ತ್ರ ಹುಡುಕಿದಳು. ಸಿಗಲಿಲ್ಲ, ತೋಳಿನಿಂದಲೇ ಮೂಗು ಒರೆಸಿಕೊಂಡಳು. “ನಿಮಗೆಲ್ಲ ನಾನು ಇಷ್ಟು ಬೇಕು ಅಂತ ಗೊತ್ತಿರಲಿಲ್ಲ. ಸರಿ, ಇರ್ತೀನಿ.”

ಲಯನೆಲ್‌ನ ಎದೆ ಹಗುರಾಯಿತು. ಪ್ರಸಾದ ಹೋದರೆ ಹೋಗಲಿ, ಅವಳು ಇರುತ್ತಾಳಲ್ಲ. ನಾಳೆ ಹೇಳಿದರಾಯಿತು, ಮುಂದಿನ ಶನಿವಾರ ಹೇಳಿದರಾಯಿತು.

“ಅಲ್ರಪ್ಪಾ,” ಎಂದ ನಾರ್ಮನ್, “ಆ ದ್ವೀಪದವರಿಗೆ ಮಾತು ಕೊಟ್ಟಾಗಿದೆ. ನಾವು ಆಣೆ ಇಡೋ ಜನ ಅಲ್ಲ, ಹೌದು ಅಂದ್ರೆ ಹೌದು. ಈಗ ಸೋಮವಾರ ಅಲ್ಲಿಗೆ ಯಾರು?”

ಜಾಯ್ಸ್ ಕನ್ನಡಕ ಸರಿಮಾಡಿಕೊಂಡಳು. “ಅದಕ್ಕೂ ನಮ್ಮಲ್ಲಿ ಪದ್ಧತಿ ಇದೆ. ಕಳಕಳಿ ಯಾರ ಬಾಯಲ್ಲಿ ಬಂತೋ, ಹೊರೆಯೂ ಅವರ ಹೆಗಲಿಗೆ.”

ಸೂರ್ಯಕಾಂತಿ ಹೊಲದ ಹಾಗೆ ಎಲ್ಲ ತಲೆಗಳೂ ಒಟ್ಟಿಗೆ ಲಯನೆಲ್‌ನ ಕಡೆ ತಿರುಗಿದವು.

“ಒಂಟಿ ಜೀವ,” ಎಂದ ಖಜಾಂಚಿ. “ರಿಪೇರಿ ಕೆಲಸ ಎಲ್ಲ ಗೊತ್ತು.”

“ಬಸ್ ಓಡಿಸಿದೋನಿಗೆ ಆ ಮನೆಯ ನಾಲ್ಕು ಕುರಿ ಓಡಿಸೋದು ಏನ್ ಮಹಾ?” ಎಂದ ನಾರ್ಮನ್. “ಬರೀ ಮೂರು ವರ್ಷ ಕಣಯ್ಯಾ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಳ್ದೋಗುತ್ತೆ. ನಾನಿರ್ತೀನಲ್ಲ, ನೀನು ಬರೋವರೆಗೂ ಸಾಯಲ್ಲ.”

“ಸಭೆಗೆ ಒಪ್ಪಿಗೆಯೇ?” ಎಂದಳು ಜಾಯ್ಸ್.

ಮೌನ. ಒಬ್ಬನೇ ಒಬ್ಬ ಅಡ್ಡಿ ಬಂದರೂ ಇದು ನಿಲ್ಲುತ್ತದೆ, ಮತ್ತು ಇದು ನಿಂತರೆ ಎನಿಡ್ ಹೋಗುತ್ತಾಳೆ. ಕೊಟ್ಟ ಮಾತು ತಪ್ಪುವವಳಲ್ಲ ಅವಳು. ಲಯನೆಲ್ ಎದುರಿನ ಬೆಂಚು ನೋಡಿದ. ಬೇರೆಯವರಿಗೆ ತಾನು ಬೇಕಾದವಳು ಎಂದು ತಿಳಿದ ಹೆಂಗಸಿನ ಮುಖ ಹೇಗಿರುತ್ತದೆಂದು ಅಂದು ಅವನು ಮೊದಲ ಸಲ, ಎದುರಿನಿಂದಲೇ, ಪೂರ್ತಿಯಾಗಿ ಕಂಡ. ಅವನು ಸುಮ್ಮನಿದ್ದ.

“ಎಲ್ಲರೂ ಒಮ್ಮನಸ್ಸಿಂದ ಒಪ್ಪಿದ್ದೀರಿ,” ಎಂದಳು ಜಾಯ್ಸ್. “ಲಯನೆಲ್, ಎನಿಡ್, ಇವತ್ತು ನೀವಿಬ್ಬರೇ ಮುಗಿಸಿಕೊಡಿ.”

ಇಬ್ಬರು ಎದ್ದು ಕೈ ಕುಲುಕಿದರೆ ಸಭೆ ಮುಗಿದಂತೆ. ಎನಿಡ್ ಬಂದು ಕೈ ನೀಡಿದಳು. ಗವಸಿರಲಿಲ್ಲ. ಸಾಬೂನಿನ ನೀರಿಗೆ ಇನ್ನೂ ಸುಕ್ಕುಗಟ್ಟಿದ್ದ ಬೆಚ್ಚಗಿನ ಅಂಗೈ. ಅವನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ, ಸ್ವಲ್ಪ ಬಾಗಿ ಪಿಸುಗುಟ್ಟಿದಳು.

“ನೀವು ಎದ್ದು ನಿಂತಾಗ ಇದೆಯಲ್ಲ, ಒಂದು ಗಳಿಗೆ, ನಿಮಗೋಸ್ಕರ ಹೇಳ್ತಿದ್ದೀರಿ ಅಂದ್ಕೊಂಡುಬಿಟ್ಟೆ. ಈ ವಯಸ್ಸಲ್ಲಿ ನೋಡಿ ನನ್ನ ಹುಚ್ಚು.”

“ಎನಿಡ್,” ಎಂದ ಲಯನೆಲ್, “ಅದು...”

“ಕೈ ಬಿಡ್ರಪ್ಪಾ ಇನ್ನ,” ಎಂದ ಹಿಂದಿನಿಂದ ನಾರ್ಮನ್. “ನೀವು ಹಿಡ್ಕೊಂಡೇ ನಿಂತ್ರೆ ಸಭೆ ಮುಗಿಯಲ್ಲ. ಅಲ್ಲಿ ಚಹಾ ಆರ್ತಿದೆ.”

ಎಲ್ಲರೂ ನಕ್ಕರು. ಎನಿಡ್ ಕೆಂಪಾಗಿ ಕೈ ಬಿಡಿಸಿಕೊಂಡಳು. ಸಭೆ ಮುಗಿಯಿತು.