ಹಂದಿಯ ಒಳಗಿನ ಸಿಪಾಯಿಗಳು

ಚಿಂತೆ ಮಾಡುವ ಸ್ವಭಾವದವನಿಗೆ ವಿದ್ಯೆ ಹತ್ತಬಾರದು. ಹತ್ತಿದರೆ, ಊರವರಿಗೆ ಒಂದು ಹಂದಿ ಕಾಣುವ ಕಡೆ ಅವನಿಗೆ ಕೋಟಿ ಜೀವಕೋಶಗಳು ಕಾಣುತ್ತವೆ. ಒಂದೊಂದರ ಯೋಗಕ್ಷೇಮವೂ ಅವನ ತಲೆಗೇ ಬರುತ್ತದೆ. ಬಂಗಾರಪೇಟೆಯಲ್ಲಿ ದನದ ಡಾಕ್ಟರಾಗಿದ್ದ ನನ್ನ ಮುಂದಲೆಯ ಕೂದಲು ಹೋದದ್ದು ಹೀಗೆ.

ಆ ವರ್ಷ ಕೆಜಿಎಫ್ ಕಡೆ ಹಂದಿಗಳನ್ನು ಕೊಲ್ಲುವ ಹಂದಿ ಜ್ವರ ಬಂತು. ಲಸಿಕೆಯನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ನಂದಿದುರ್ಗ ಗಣಿಯ ಕೂಲಿಗಳ ಲೈನುಮನೆಗಳಿಗೆ ಹೋದೆ. ಅಲ್ಲಿಯ ಮುನಿಯಮ್ಮನ ಗಂಡ ಗಣಿಯ ದೂಳು ಕುಡಿದು ಹಾಸಿಗೆ ಹಿಡಿದಿದ್ದ. ಮನೆ ನಿಂತಿದ್ದುದು ಒಂದು ಗಬ್ಬದ ಹಂದಿಯ ಮೇಲೆ. ಅದು ಸತ್ತರೆ ಒಲೆ ಹತ್ತದು. "ಸೂಜಿ ಆಕಿದ್ರೆ ಒಳಗೆ ಏನಾಯ್ತದೆ ಸಾರ್?" ಎಂದಳು. ನನ್ನ ಇಡೀ ನೌಕರಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ! ಅಲ್ಲೇ ಕಲ್ಲಿನ ಮೇಲೆ ಕೂತೆ. ರಕ್ತದಲ್ಲಿ ಸಿಪಾಯಿ ಕೋಶಗಳಿವೆ. ವೈರಸ್ ಹೊಕ್ಕ ಕೋಶ ತನ್ನ ಹೊರಗೋಡೆಯ ಮೇಲೆ ಅದರದೊಂದು ಚೂರು ತೋರಿಸುತ್ತದೆ. ಸಿಪಾಯಿ ಮೈಗೆ ಮೈ ಹಚ್ಚಿ ಗುರುತು ಹಿಡಿದು, ಗೋಡೆಗೆ ತೂತು ಕೊರೆದು ವಿಷ ಬಿಡುತ್ತಾನೆ. ಕೋಶ ಒಳಗಿನ ಕಳ್ಳನ ಸಮೇತ ಸಾಯುತ್ತದೆ, ಪಕ್ಕದ ಕೋಶಕ್ಕೆ ಒಂದು ಗೀರೂ ಬೀಳುವುದಿಲ್ಲ ಎಂದೆಲ್ಲ ಕೈಯಾಡಿಸಿ ಹೇಳಿದೆ. ಲೈನಿಗೆ ಲೈನೇ ನೆರೆಯಿತು.

"ಅಯ್ಯೋ ಸಿವನೇ, ಒಳಗೇ ಇಷ್ಟು ಜನ ಅವ್ರಾ!" ಎಂದಳು ಮುನಿಯಮ್ಮ. "ಮತ್ತೆ ನಿಮ್ ಸೂಜಿ ಯಾಕ್ ಸಾರ್? ಗಬ್ಬದ್ದು, ನೋಯಿಸ್ಬ್ಯಾಡಿ ಓಗಿ."

ಈ ಜ್ವರ ಮೊದಲು ಮುಗಿಸುವುದು ಸಿಪಾಯಿಗಳನ್ನೇ, ಕಳ್ಳನ ಮುಖವನ್ನು ಅವರಿಗೆ ಮುಂಚೆಯೇ ತೋರಿಸಿಡುವುದೇ ಲಸಿಕೆ ಎಂಬ ಮುಖ್ಯ ಮಾತನ್ನು ನಾನು ಕೊನೆಗೆಂದು ಇಟ್ಟುಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ಹಂದಿಯನ್ನು ಒಳಗಟ್ಟಿ ಬಾಗಿಲು ಹಾಕಿದ್ದಳು.

ಪಕ್ಕದ ಮನೆಯವರು ಮಾತ್ರ, ಪಾಪ, ಒಪ್ಪಿದರು. ಅವರ ಹಂದಿಗಳಿಗೆ ಜ್ವರ ಆಗಲೇ ತಗುಲಿತ್ತೆಂದು ನನಗೆ ತಿಳಿಯಲಿಲ್ಲ. ಸೂಜಿ ಹಾಕಿದ ಮೇಲೆ ಒಂದೊಂದಾಗಿ ಎಲ್ಲವೂ ಸತ್ತವು. ಮುನಿಯಮ್ಮನ ಹಂದಿಯೋ, ನನ್ನ ಸೂಜಿಗೆ ಹೆದರಿ ಅವಳು ಹೊರಗೇ ಬಿಡದಿದ್ದುದರಿಂದ ಜ್ವರ ತಾಕದೆ ಉಳಿದು, ಸುಖವಾಗಿ ಮರಿ ಹಾಕಿತು. "ನಿಮ್ ಸಿಪಾಯಿಗಳೇ ಕಾಪಾಡಿದ್ರು ಸಾರ್," ಎಂದು ದಾರಿಯಲ್ಲಿ ನಿಂತು ಕೈಮುಗಿದಳು. ಬಾಗಿಲು ಕಾಪಾಡಿತು ಎಂದರೆ ಕೇಳುವವರಾರು?

ಡಾಕ್ಟರ ಸೂಜಿ ಕೊಲ್ಲುತ್ತದೆ, ಮಾತು ಉಳಿಸುತ್ತದೆ ಎಂದು ಸುತ್ತಲೂ ಸುದ್ದಿಯಾಯಿತು. ಕ್ಯಾಸಂಬಳ್ಳಿಯಿಂದ ಒಬ್ಬ ಹುಡುಕಿಕೊಂಡು ಬಂದ. "ಸೂಜಿ ಬ್ಯಾಡ ಸಾರ್. ಆ ಸಿಪಾಯಿ ಕತೆ ನಮ್ ಅಂದಿಗಳ್ಗೂ ಒಸಿ ಏಳ್ಬುಟ್ಟು ಬನ್ನಿ."

ಬೈಯಬೇಕೆಂದುಕೊಂಡೆ. ಆದರೂ ಹೋದೆ. ಹಂದಿಗೂಡಿನ ಮುಂದೆ ಕೂತು ಅವಕ್ಕೆ ಎಲ್ಲವನ್ನೂ ಹೇಳಿದೆ. ನನ್ನ ಮಾತನ್ನು ಕೊನೆಯವರೆಗೂ ಕೇಳಿದವರು ಸಿಕ್ಕಿದ್ದು ಅದೇ ಮೊದಲು. ಅವನ್ನು ಕಟ್ಟಿ ಹಾಕಿದ್ದರು, ಪಾಪ.