ವೀಡಿಯೊ ಮಡು

ನಮ್ಮ ಸೋದರಮಾವನ ವಿಳಾಸ ಯಾರಾದರೂ ಕೇಳಿದರೆ, ಇವತ್ತು ಗಾಳಿ ಯಾವ ಕಡೆಗಿದೆ ಎಂದು ನಾನು ಮೊದಲು ವಿಚಾರಿಸಬೇಕು. ಏಕೆಂದರೆ ಅವನ ಮನೆ ಇರುವುದು ಕೆಂಚಾರ್ಲಹಳ್ಳಿ ಕಡೆಯ ಕೆರೆಯಲ್ಲಿ. ದಡದಲ್ಲಲ್ಲ, ನೀರಿನ ಮೇಲೆ! ಎಷ್ಟೋ ವರ್ಷ ಬರೀ ಜಾಲಿ ಬೆಳೆದಿದ್ದ ಕೆರೆಗೆ ನೀರು ಬಂದಿದ್ದೇ ತಡ, ರೇಷ್ಮೆ ಹುಳುಗಳನ್ನು ಅತ್ತೆಗೆ ಒಪ್ಪಿಸಿ ಮೀನಿನ ಗುತ್ತಿಗೆ ಹಿಡಿದ. ಡ್ರಮ್ಮುಗಳ ಮೇಲೆ ಹಲಗೆ ಹೊಡೆದು, ತಗಡು ಹೊದಿಸಿ, ಅದನ್ನು ದೋಣಿ ಎಂದು ಕರೆದು ಸಂಸಾರ ಹೂಡಿಬಿಟ್ಟ. ಅತ್ತೆ ಏರಿಯ ಮೇಲೆ ನಿಂತು ಬುತ್ತಿ ಎತ್ತಿ ತೋರಿಸಿದಾಗ ಮಾತ್ರ ದಡ ಮುಟ್ಟುತ್ತಾನೆ.

ದೋಣಿಯೇನೋ ತೇಲಿತು, ಇಂಟರ್ನೆಟ್ಟು ಮುಳುಗಿತು. ಸುತ್ತ ಗುಡ್ಡ ನೋಡಿ. ಮೀನು ಕಾಯುವವನಿಗೆ ಇಂಟರ್ನೆಟ್ ಯಾಕೆ ಅಂತೀರಾ? ಸಂಜೆ ಐದಕ್ಕೆ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಎರಡು ನಿಮಿಷ ವೀಡಿಯೊ ಕರೆ ಮಾಡಲು. ಅವನ ಅಕ್ಕ, ಅಂದರೆ ನನ್ನ ಅಮ್ಮನಿಗೆ, ಮರೆವಿನ ಕಾಯಿಲೆ. ನಾನು ಯಾರೆಂಬುದೂ ಒಮ್ಮೊಮ್ಮೆ ತಿಳಿಯುವುದಿಲ್ಲ. ಆದರೆ ದಿನಾ ಸಂಜೆ ತಪ್ಪದೆ, "ಕೆರೆಗೆ ನೀರು ಬಂತಾ?" ಎಂದು ಕೇಳುತ್ತಾಳೆ. ಬಂತು ಎಂದರೆ ನಂಬುವುದಿಲ್ಲ. ಕಣ್ಣಾರೆ ನೋಡದೆ ಊಟಕ್ಕೂ ಏಳುವುದಿಲ್ಲ.

ಹಾಗಾಗಿ ಮಾವ ಒಂದು ಕೈಲಿ ಹುಟ್ಟು, ಇನ್ನೊಂದರಲ್ಲಿ ಫೋನು ಹಿಡಿದು ಕೆರೆಯನ್ನೆಲ್ಲ ಜಾಲಾಡಿದ. ಸಿಗ್ನಲ್ ಸಿಕ್ಕಲ್ಲೆಲ್ಲ ಗುರುತಿಗೆಂದು, ಹಗ್ಗದ ತುದಿಗೆ ಕಲ್ಲು ಕಟ್ಟಿದ ಖಾಲಿ ಕ್ಯಾನು ತೇಲಿಬಿಟ್ಟ. ಹಳದಿ ಕ್ಯಾನಿನ ಹತ್ತಿರ ಮೆಸೇಜು, ನೀಲಿಯ ಹತ್ತಿರ ಮಾತು. ಬಿಳಿ ಕ್ಯಾನಿನ ಜಾಗಕ್ಕೆ ವೀಡಿಯೊ ಮಡು ಎಂದು ನಾಮಕರಣವಾಯಿತು. "ಅಲ್ಲಿ ದೋಣಿ ಮುರುಗಮಲ್ಲದ ಕಡೆ ಮುಖ ಮಾಡಿರ್ಬೇಕು ಕಣಪ್ಪ, ಇಲ್ದಿದ್ರೆ ನಿಮ್ಮಮ್ಮ ಅರ್ಧಾನೇ ಕಾಣ್ತಾಳೆ" ಎನ್ನುತ್ತಾನೆ.

ಊರಿನವರು ಬಿಡುತ್ತಾರೆಯೇ? ರೇಷನ್ ಕಾರ್ಡಿಗೆ ಅರ್ಜಿ ಹಾಕುವವರು ತಮ್ಮ ಫೋನುಗಳನ್ನು ದೋಣಿಗೆ ಹತ್ತಿಸತೊಡಗಿದರು. ಒಟಿಪಿ ಬಂದೊಡನೆ ಮಾವ ನೀರ ನಡುವಿನಿಂದ ಅಂಕಿಗಳನ್ನು ಕೂಗುವುದು, ಏರಿಯ ಮೇಲಿದ್ದವರು ಕಂಪ್ಯೂಟರ್ ಅಂಗಡಿಗೆ ಓಡುವುದು.

"ಯಾರಿಗೂ ಹೇಳ್ಬೇಡಿ ಅಂತ ಬರ್ದಿರ್ತಾರಲ್ಲ ಮಾವ?" ಎಂದೆ.

"ಅದಕ್ಕೇ ಒಂದೇ ಸಲ ಕೂಗೋದು."

ಐದು ಗಂಟೆಗೆ ಮಾತ್ರ ಬೇರೆ ಯಾರ ಕೆಲಸವೂ ಇಲ್ಲ. ನಮ್ಮ ನಡುಮನೆಯೊಳಗೆ ಕೆರೆ ಬರುತ್ತದೆ. ಬಿಸಿಲು ಕರಗಿದ ನೀರು, ಸಾಲಾಗಿ ಹೋಗುವ ಬೆಳ್ಳಕ್ಕಿ, ಹುಟ್ಟಿನ ಸದ್ದು. ಅಮ್ಮ ಫೋನಿನ ಪರದೆ ಮುಟ್ಟಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. "ಯಾರೋ ಪುಣ್ಯಾತ್ಮ ತೋರಿಸ್ತಾನೆ" ಎಂದು ನನಗೇ ಹೇಳುತ್ತಾಳೆ. ಆ ಕಡೆಯ ಪುಣ್ಯಾತ್ಮ ಕೇಳಿಸಿಕೊಂಡು ಫೋನನ್ನು ನೀರಿಗೆ ಇನ್ನಷ್ಟು ಹತ್ತಿರ ಹಿಡಿಯುತ್ತಾನೆ.

ಹೋದ ತಿಂಗಳು ಜೋರು ಗಾಳಿಗೆ ಕ್ಯಾನುಗಳೆಲ್ಲ ಕಿತ್ತುಹೋದವು. ಐದಾಯಿತು, ಐದೂವರೆಯಾಯಿತು. ಅಮ್ಮ ತಟ್ಟೆಯನ್ನು ದೂರ ಸರಿಸಿ ಕೂತಳು. ನನಗೆ ಅಳುವೇ ಬಂತು. ಆರಕ್ಕೆ ಕರೆ ಬಂತು. ಕೈ ಒದ್ದೆಯಾಗಿ ಕ್ಯಾಮೆರಾ ತಿರುಗಿಸಲಾಗದೆ, ಪರದೆಯ ತುಂಬ ಏದುಸಿರು ಬಿಡುವ ಮಾವನ ಮುಖ.

"ತಾಳಕ್ಕ, ನೀರು ತೋರಿಸ್ತೀನಿ."

ಅಮ್ಮ ಅವನನ್ನೇ ದಿಟ್ಟಿಸಿದಳು.

"ಯಾಕೋ ಹಿಂಗೆ ಸೊರಗಿದ್ದೀಯ? ಮಧ್ಯಾಹ್ನ ಉಂಡ್ಯಾ?"

ಮಾವ ಅಲುಗಲಿಲ್ಲ. ಸಿಗ್ನಲ್ ಹೋಯಿತೆಂದುಕೊಂಡೆ. ಆಮೇಲೆ ನೋಡಿದರೆ ಅವನ ಕಣ್ಣು ಪಿಳಿಪಿಳಿ ಎನ್ನುತ್ತಿತ್ತು.

"ಇಲ್ಲಕ್ಕ" ಎಂದ, ಚಿಕ್ಕ ಹುಡುಗನ ದನಿಯಲ್ಲಿ. "ಇನ್ನೂ ಉಂಡಿಲ್ಲ."