ನಮ್ಮ ಗೋಡೆಗೆ ಕಿವಿ ಬಂದದ್ದು

ಕಳ್ಳನನ್ನು ಹಿಡಿದೇ ತೀರುತ್ತೇನೆಂದು ನಾನು ಶಪಥ ಮಾಡಿದ್ದು ಅಡುಗೆಮನೆಯ ನಡುಮಧ್ಯದಲ್ಲಿ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಅವಚಿಕೊಂಡು!

"ಸುಲ್ಮಾ, ಕೇಳಿಸ್ಕೋ! ಈ ಹೆಬೆರ್ ಸಿಲ್ವೇರಾನ ಕುರ್ಚಿಗೆ ಕೈ ಹಾಕಿದವನು ಇನ್ಮೇಲೆ ಪೈಸಾಂದೂ ಊರಲ್ಲಿ ತಲೆ ಎತ್ತಿ ನಡೀಬಾರದು!"

ನನ್ನ ಹೆಂಡತಿ ಈರುಳ್ಳಿಯಿಂದ ಕಣ್ಣೆತ್ತಲೇ ಇಲ್ಲ.

"ಅದರ ಒಂದು ಕಾಲು ಮುರಿದಿತ್ತು ಮುದ್ಕಾ. ಕದ್ದವನು ತಲೆ ಎತ್ತೋದಿರಲಿ, ಇಷ್ಟೊತ್ತಿಗೆ ಬಿದ್ದು ಸೊಂಟ ಹಿಡ್ಕೊಂಡಿರ್ತಾನೆ."

ಮುರಿದದ್ದೋ ಇಡಿಯದ್ದೋ, ಅದು ನನ್ನ ಸಿಂಹಾಸನ. ಸಂಜೆಯಾದರೆ ನಮ್ಮ ಬೀದಿಯವರೆಲ್ಲ ಕುರ್ಚಿಗಳನ್ನು ಹೊರಗೆ ಹಾಕಿ, ಫುಟ್‌ಪಾತಿನ ಮೇಲೆ ಸಾಲಾಗಿ ಕೂರುತ್ತೇವೆ. ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಕಹಿ ಸೊಪ್ಪಿಗೆ ಬಿಸಿನೀರು ಹೊಯ್ದ 'ಮಾತೇ' ಎಂಬ ಪಾನೀಯ ಕೈಯಿಂದ ಕೈಗೆ ಸುತ್ತುತ್ತದೆ. ನಮ್ಮಲ್ಲಿ ಮಾತೇ ಕುಡಿಯದೆ ಮಾತೇ ಹೊರಡುವುದಿಲ್ಲ! ಅಂಥ ಸಭೆಯಿಂದ ನನ್ನ ಕುರ್ಚಿ ಮಾಯವಾಗುವುದೆಂದರೆ ಸಣ್ಣ ಸಂಗತಿಯೆ?

ಮರುದಿನವೇ ಒಂದು ಕ್ಯಾಮೆರಾ ತಂದೆ. ಅಂಗಡಿಯವನು ಹೇಳಿದ್ದನ್ನು ಹೆಮ್ಮೆಯಿಂದ ಒಪ್ಪಿಸಿದೆ:

"ಇದಕ್ಕೆ ಕಣ್ಣಿದೆ, ಕಿವಿಯಿದೆ, ಬಾಯೂ ಇದೆ. ಫೋನಲ್ಲಿ ನಾನು ಮಾತಾಡಿದ್ರೆ ಇದು ಬೀದೀಲಿ ಮಾತಾಡತ್ತೆ!"

"ಬಾಯಿ ಯಾಕೆ ತಂದೆ? ಈ ಮನೇಲಿ ನಿನ್ನದೊಂದು ಸಾಲದಾ?"

ಏಣಿ ಹತ್ತಿ, ಗೋಡೆ ಕೊರೆದು, ಅರ್ಧ ಗಾರೆಯನ್ನು ನನ್ನ ತಲೆಯ ಮೇಲೇ ಸುರಿದುಕೊಂಡು, ಬಾಗಿಲ ನೆತ್ತಿಯ ಮೇಲೆ ಅದನ್ನು ಪ್ರತಿಷ್ಠಾಪಿಸಿದೆ. ಕಳ್ಳ ಬರಲಿಲ್ಲ. ಒಂದು ಬೆಕ್ಕು ಬಂತು. ಅದು ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿ, ನನಗೇ ನಾಚಿಕೆಯಾಗುವಂತೆ ಆಕಳಿಸಿ ಹೋಯಿತು.

ಆದರೆ ಕಿವಿ! ಅಯ್ಯೋ, ಆ ಕಿವಿ! ಫುಟ್‌ಪಾತಿನಲ್ಲಿ ಕೂತವರು ಪಿಸುಗುಟ್ಟಿದರೂ ನನ್ನ ಫೋನಿನಲ್ಲಿ ಗಂಟೆ ಬಾರಿಸಿದಂತೆ ಕೇಳಿಸುತ್ತಿತ್ತು. ಮೊದಲ ದಿನ ಪರೀಕ್ಷೆಗೆಂದು ಕೇಳಿದೆ. ಎರಡನೆಯ ದಿನ ಭದ್ರತೆಗೆಂದು ಕೇಳಿದೆ. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟೆ. ರೇಡಿಯೋ ಬಿಟ್ಟೆ, ಫುಟ್ಬಾಲ್ ಬಿಟ್ಟೆ, ಸೋಫಾದಲ್ಲಿ ಬೇರು ಬಿಟ್ಟೆ. ಕಳ್ಳನನ್ನು ಹಿಡಿಯಲು ಹೊರಟವನು ಕದ್ದು ಕೇಳುವ ಕಳ್ಳನೇ ಆಗಿಬಿಟ್ಟಿದ್ದೆ!

ಕೇಳಿದ್ದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ? ಒಂದು ದಿನ ಮಾಂಸದಂಗಡಿಗೆ ಹೋದಾಗ, ಅಂಗಡಿಯ ದಾರ್ದೋನ ಆರೋಗ್ಯ ವಿಚಾರಿಸುವ ಭರದಲ್ಲಿ ನಾಲಗೆ ಜಾರಿತು.

"ಏನಪ್ಪಾ ದಾರ್ದೋ, ಹೊಟ್ಟೆ ಒಳಗೆಳೆಯೋ ಆ ಹೊಸ ಬೆಲ್ಟು ತೀರಾ ಬಿಗೀನಾ?"

ಅವನ ಕತ್ತಿ ಗಾಳಿಯಲ್ಲೇ ನಿಂತಿತು.

"ಬೆಲ್ಟಿನ ವಿಷಯ ಫುಟ್‌ಪಾತಲ್ಲಿ ನನ್ನ ಹೆಂಡತಿ ಕಿವೀಲಿ ಪಿಸುಗುಟ್ಟಿದ್ದು ಬಿಟ್ರೆ ಯಾರಿಗೂ ಹೇಳಿಲ್ಲ. ನಿಂಗ್ ಯಾರು ಹೇಳಿದ್ರು?"

"ನೀನು... ಸಣ್ಣ ಕಾಣ್ತಿದ್ದೆ, ಅದಕ್ಕೇ ಊಹಿಸಿದೆ!" ಎಂದು ಮಾಂಸವನ್ನು ಅಲ್ಲೇ ಬಿಟ್ಟು ಓಡಿಬಂದೆ.

ಬುದ್ಧಿ ಬಂತೆ? ಬರಲಿಲ್ಲ.

ನಮ್ಮ ಎಡಗಡೆ ಮನೆಯಲ್ಲಿ ಒಲಿಂದೋ ಇದ್ದಾನೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಊರಿನವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದ ಅವನಿಗೆ ತನ್ನ ಮಾತಿಗೆ ಮಾತ್ರ ಎಂದೂ ಸಮಯ ಕೂಡಿಬರಲಿಲ್ಲ. ಬಲಗಡೆ ಮನೆಯಲ್ಲಿ ಎಲಿದಾ ಟೀಚರ್. ನಿವೃತ್ತರಾದರೂ ಅವರು ಕೆಮ್ಮಿದರೆ ಬೀದಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಮಧ್ಯಾಹ್ನ ಊಟವಾಗಿ ಊರೆಲ್ಲ ಕಿಟಕಿ ಮುಚ್ಚಿ ಮಲಗುವ ಹೊತ್ತಿನಲ್ಲಿ ಇವರಿಬ್ಬರೂ ನಮ್ಮ ಗೋಡೆಯ ನೆರಳಿಗೆ ಬಂದು ಕೂರುತ್ತಾರೆಂಬುದನ್ನು ಕ್ಯಾಮೆರಾ ನನಗೆ ತಿಳಿಸಿತು. ಅಂದು ಸುಲ್ಮಾ ಗೊರಕೆ ಹೊಡೆಯುತ್ತಿದ್ದಳು. ನಾನು ಫೋನನ್ನು ಬಿಗಿಯಾಗಿ ಹಿಡಿದು ಕಿವಿಗೊಟ್ಟೆ.

"ನದಿ ನೀರು ಏರಿದೆಯಂತೆ, ಎಲಿದಾ."

"ಹೌದಂತೆ."

"ಏರಿದ್ದು ಇಳಿಯತ್ತೆ."

"ಇಳಿಯತ್ತೆ, ಒಲಿಂದೋ."

ಕೊಳವೆ ಸೊರ್ರೆಂದಿತು.

"ಎಲಿದಾ... ನಿಮ್ಮನ್ನ ಒಂದು ಮಾತು ಕೇಳಬೇಕೂ ಅಂತ..."

"ಕೇಳಿ."

ಸೋಫಾದ ತುದಿಗೆ ಬಂದೆ.

"ಅದೇನು ಅಂದ್ರೆ... ಆ ನದಿ ನೀರು..."

ಇನ್ನೆಷ್ಟು ತಡೆಯಲಿ? ನಾನೂ ಮನುಷ್ಯನೇ!

"ನದಿ ನೀರು ಹಾಳಾಗಿ ಹೋಗ್ಲಿ! ಕೇಳೋ ಮಾರಾಯಾ, ಕೇಳಿಬಿಡೋ!"

ನಾನು ಕೂಗಿದ್ದು ನನ್ನ ಪಾಡಿಗೆ. ಆದರೆ ಉದ್ವೇಗದಲ್ಲಿ ನನ್ನ ಹೆಬ್ಬೆರಳು ಒತ್ತಿಹಿಡಿದಿದ್ದು ಬಾಯಿಯ ಗುಂಡಿಯನ್ನು! ಗೋಡೆ ಗುಡುಗಿತು. ಹೊರಗೆ ಅವರ ಫ್ಲಾಸ್ಕು ಬಿದ್ದು ಚೂರಾಯಿತು. ಒಲಿಂದೋ ಆಕಾಶ ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಎಲಿದಾ ಟೀಚರ್ ಮಾತ್ರ ಆಕಾಶ ನೋಡಲಿಲ್ಲ. ಹಿಂದಿನ ಬೆಂಚಿನ ದನಿಗಳನ್ನು ಆಯುಷ್ಯವಿಡೀ ಪತ್ತೆ ಹಚ್ಚಿದವರು ಅವರು. ನೇರವಾಗಿ ಕ್ಯಾಮೆರಾ ಕಡೆ ತಿರುಗಿದರು.

"ಹೆಬೆರ್!"

"ಹಾಜರ್ ಟೀಚರ್!" ಎಂದು ನಾನು ಎದ್ದು ನಿಂತೆ.

ಅದನ್ನೂ ಗೋಡೆ ಬೀದಿಗೆಲ್ಲ ಸಾರಿತು.

ಸಂಜೆಯೊಳಗೆ ಬೀದಿಗೆ ಬೀದಿಯೇ ನಮ್ಮ ಬಾಗಿಲಲ್ಲಿತ್ತು. ದಾರ್ದೋ ಏಪ್ರನ್ ಕೂಡ ಬಿಚ್ಚದೆ ಬಂದಿದ್ದ. "ಸಣ್ಣ ಕಾಣ್ತಿದ್ನಾ ನಾನು? ಸಣ್ಣ ಕಾಣ್ತಿದ್ನಾ?" ಎಂದಷ್ಟೇ ಕೇಳುತ್ತಿದ್ದ. ಔಷಧಿ ಅಂಗಡಿಯ ನೆಲ್ಬಾ ನನ್ನನ್ನು ಮೂಲೆಗೆ ಎಳೆದುಕೊಂಡು ಹೋದಳು.

"ನನ್ನ ನಾದಿನಿ ಜಿಪುಣಿ ಅಂತ ನಾನು ಹೇಳಿದ್ದು ಕೇಳಿಸ್ಕೊಂಡ್ಯಾ?"

"ಇಲ್ಲ."

"ನೆಂಟರು ಬಂದ್ರೆ ತಿಂಡಿ ಡಬ್ಬಿ ಮಂಚದ ಕೆಳಗೆ ತಳ್ತಾಳೆ ಅಂದದ್ದು?"

"ಇಲ್ಲವೇ ಇಲ್ಲ!"

"ಹಾಗಿದ್ರೆ ಅವಳ ಹಲ್ಲುಸೆಟ್ಟಿನ ವಿಷಯಾನೂ ಕೇಳಿಲ್ಲ ಬಿಡು."

ಕ್ಯಾಮೆರಾ ಇಷ್ಟು ದಿನದಲ್ಲಿ ಹೇಳದ ಗುಟ್ಟುಗಳೆಲ್ಲ ಆ ಸಂಜೆ ತಾವಾಗಿ ನಡೆದುಬಂದವು!

ಆಗ ಬಂದಳು ಇವೋನ್, ಟೀಚರ ತಂಗಿಯ ಮಗಳು, ವಕೀಲೆ. ಬಂದವಳೇ ಏಣಿ ತರಿಸಿದಳು.

"ಹೆಬೆರ್ ಮಾವ, ನಿಮ್ಮ ಹೊಸ್ತಿಲನ್ನ ನೀವು ನೋಡ್ಕೊಳ್ಳಿ, ಬೇಡ ಅನ್ನಲ್ಲ. 'ಇಲ್ಲಿ ಕ್ಯಾಮೆರಾ ಇದೆ' ಅಂತ ಬೋರ್ಡ್ ಹಾಕಿ. ಅಕ್ಕಪಕ್ಕದವರ ಬಾಗಿಲು ಅದಕ್ಕೆ ಕಾಣಬಾರದು. ಮಾತಂತೂ ಬೇಡವೇ ಬೇಡ. ಒಪ್ಪಿಗೆ ಇಲ್ದೆ ಇನ್ನೊಬ್ಬರ ಮಾತು ಹಿಡಿದಿಟ್ಕೊಂಡ್ರೆ ಅವರು ದೂರು ಕೊಡಬಹುದು. ಆಗ ಅಧಿಕಾರಿಗಳ ಮುಂದೆ ನಿಂತು ಉತ್ತರ ಹೇಳೋದು ನೀವು, ಕ್ಯಾಮೆರಾ ಅಲ್ಲ."

"ಅವರು ಕೂತಿದ್ದು ಬೀದೀಲಿ ಕಣಮ್ಮಾ! ಬೀದಿ ಎಲ್ಲರದ್ದಲ್ವಾ?"

"ಬೀದಿ ಎಲ್ಲರದ್ದು. ಮಾತು ಆಡಿದವರದ್ದು!"

ನಾನು ಏಣಿ ಹಿಡಿದುಕೊಂಡೆ. ಅವಳು ಕ್ಯಾಮೆರಾದ ಕಿವಿ, ಬಾಯಿ ಎರಡನ್ನೂ ಮುಚ್ಚಿಸಿ, ಅದರ ಮುಖವನ್ನು ನಮ್ಮ ಹೊಸ್ತಿಲಿಗೆ ಬಗ್ಗಿಸಿದಳು. ಅದು ತಪ್ಪೊಪ್ಪಿಕೊಂಡ ಹುಡುಗನಂತೆ ತಲೆ ತಗ್ಗಿಸಿ ನಿಂತಿತು. ಅದರ ಕೆಳಗೆ ನಾನೂ ಹಾಗೆಯೇ ನಿಂತು, ಫೋನಿನಲ್ಲಿ ಹಿಡಿದಿಟ್ಟ ಮಾತುಗಳನ್ನೆಲ್ಲ ಎಲ್ಲರ ಕಣ್ಣೆದುರು ಅಳಿಸಿದೆ. ದಾರ್ದೋ ಪಕ್ಕದಲ್ಲೇ ನಿಂತು, "ಬೆಲ್ಟು ಹೋಯ್ತಾ? ಬೆಲ್ಟು ಹೋಯ್ತಾ?" ಎಂದು ಖಚಿತಪಡಿಸಿಕೊಂಡ.

ಆದರೆ ಒಲಿಂದೋನ ಕಿಟಕಿ ತೆರೆಯಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಗೋಡೆಯ ನೆರಳಿನಲ್ಲಿ ಟೀಚರ್ ಒಬ್ಬರೇ ಕೂತು, ಒಬ್ಬರೇ ಮಾತೇ ಹೀರಿ, ಒಬ್ಬರೇ ಎದ್ದುಹೋದರು. ನನಗೆ ಅನ್ನ ಸೇರಲಿಲ್ಲ. ಸುಲ್ಮಾ ಕರಿದ ಬಿಸಿ ತೋರ್ತಾ ರೊಟ್ಟಿಗಳ ತಟ್ಟೆ ಹಿಡಿದು ಅವನ ಬಾಗಿಲು ತಟ್ಟಿದೆ. ಅದು ತಟ್ಟೆ ತೂರುವಷ್ಟೇ ತೆರೆಯಿತು.

"ತಪ್ಪಾಯ್ತು ಒಲಿಂದೋ."

"ಆ ಒಂದು ಮಾತು ಜೋಡಿಸೋಕೆ ನಂಗೆ ಇಡೀ ಚಳಿಗಾಲ ಹಿಡೀತು ಹೆಬೆರ್," ಎಂದ ಅವನು ಮೆಲ್ಲಗೆ. "ನೀನು ಒಂದೇ ಕೂಗಿಗೆ ಉದುರಿಸಿಬಿಟ್ಟೆ. ಈಗ ಯಾವ ಮುಖ ಇಟ್ಕೊಂಡು ಅವರ ಮುಂದೆ ಕೂರ್ಲಿ?"

ತಟ್ಟೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಮನೆಗೆ ಬಂದರೆ ಟೀಚರ್ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು!

"ಹೆಬೆರ್, ಎಲ್ಲಾ ಕೇಳಿಸಿಕೊಂಡವನು ನೀನು. ಹೇಳು. ಅವರು ನನ್ನನ್ನ ಏನು ಕೇಳೋಕೆ ಹೊರಟಿದ್ರು?"

"ಟೀಚರ್, ಬೇರೆಯವರ ಮಾತು ಹೇಳಬಾರದು ಅಂತ ಕಾನೂನು..."

"ಹೆಬೆರ್!"

"ನಂಗೂ ಗೊತ್ತಿಲ್ಲ ಟೀಚರ್! ಅವನು ಕೇಳೋ ಮೊದಲೇ ನಾನು ಕೂಗಿಬಿಟ್ಟೆ!"

ಟೀಚರ್ ನಿಟ್ಟುಸಿರು ಬಿಟ್ಟರು. "ಒಬ್ಬರಿಗೆ ಬಾಯಿ ಬರಲ್ಲ, ಇನ್ನೊಬ್ಬನಿಗೆ ನಿಲ್ಲಲ್ಲ. ಇನ್ನು ನಾನೇ ನೋಡ್ಕೋಬೇಕು," ಎಂದು ಎದ್ದು, ಸೀರಿಯಸ್ಸಾಗಿ ತಲೆಗೂದಲು ಸರಿಮಾಡಿಕೊಂಡು, ನಡುಮಧ್ಯಾಹ್ನದ ಬಿಸಿಲಲ್ಲಿ ನೇರ ಒಲಿಂದೋನ ಬಾಗಿಲಿಗೆ ನಡೆದರು.

"ಒಲಿಂದೋ! ಹೊರಗೆ ಬನ್ನಿ. ನಿಮ್ಮ ಪ್ರಶ್ನೆ ನಾನೇ ಕೇಳ್ತೀನಿ!"

ಆಗ ನಡೆದದ್ದನ್ನು ನಾನು ಮರೆಯಲಾರೆ. ದಾರ್ದೋನ ಕಿಟಕಿ ಟಪ್ಪೆಂದು ಮುಚ್ಚಿತು. ನೆಲ್ಬಾಳದ್ದು ಮುಚ್ಚಿತು. ಎದುರುಮನೆಯದ್ದು, ಮೂಲೆಮನೆಯದ್ದು, ಒಂದರ ಹಿಂದೆ ಒಂದು ಟಪ್, ಟಪ್, ಟಪ್! ನಮ್ಮ ಕಿಟಕಿಯಲ್ಲಿ ಮಾತ್ರ ನನ್ನ ಕತ್ತು ಹೊರಗೆ. ಸುಲ್ಮಾ ಅಂಗಿ ಹಿಡಿದು ಒಳಗೆಳೆದಳು.

"ಇವರಿಗೆಲ್ಲ ಕೇಳೋ ಆಸೆ ಇಲ್ವೇನೇ?"

"ಇದೆ. ಆದ್ರೆ ಈ ಚಳಿಗಾಲವಿಡೀ ಮಧ್ಯಾಹ್ನ ಬೀದಿ ಯಾಕೆ ಅಷ್ಟು ಬೇಗ ಕಿಟಕಿ ಹಾಕ್ಕೊಳ್ತಿತ್ತು ಅಂದ್ಕೊಂಡಿದ್ದೆ? ನಿದ್ದೆ ಬಂತು ಅಂತಾನಾ? ಅವನು ನಾಚ್ಕೊಳ್ದೆ ಕೇಳ್ಲಿ ಅಂತ!"

"ನಿಂಗೂ ಗೊತ್ತಿತ್ತಾ? ನೀನು ಗೊರಕೆ ಹೊಡೀತಿದ್ಯಲ್ಲ!"

"ಗೊರಕೆ ಹೊಡೆಯೋದು ಅಷ್ಟು ಸುಲಭ ಅಂದ್ಕೊಂಡ್ಯಾ?" ಎಂದು ಕಿಟಕಿ ಮುಚ್ಚಿ ಅಗುಳಿ ಹಾಕಿದಳು.

ಹೊರಗೆ ಏನು ನಡೆಯಿತೋ ನಾನರಿಯೆ. ಎರಡು ದಿನ ಬಿಟ್ಟು ಒಲಿಂದೋ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಳೆದ ತಟ್ಟೆ ಹಿಡಿದು ಬಂದ. ಮುಖದಲ್ಲಿ ಹಬ್ಬ!

"ಮದುವೆ ನೋಂದಣಿಗೆ ನನ್ನ ಕಡೆ ಒಬ್ಬ ಸಾಕ್ಷಿ ಬೇಕು ಹೆಬೆರ್. ನೀನು ಬರ್ಬೇಕು."

ನನ್ನ ಎದೆ ಪೂರಿಯಂತೆ ಉಬ್ಬಿತು. ಸುಲ್ಮಾಳ ಕಡೆ ಗತ್ತಿನಿಂದ ತಿರುಗಿ ನೋಡಿ ಕೇಳಿದೆ: "ಇಡೀ ಬೀದೀಲಿ ನಾನೇ ಬೇಕು ಅನ್ನಿಸ್ತಲ್ಲ, ಯಾಕೆ ಒಲಿಂದೋ?"

"ಬೇರೆ ಯಾರನ್ನ ಕೇಳಿದ್ರೂ 'ನಾವೇನೂ ಕೇಳಿಲ್ಲಪ್ಪಾ, ನಮಗೇನೂ ಗೊತ್ತಿಲ್ಲ' ಅಂತಾರೆ. ಕೇಳಿಸ್ಕೊಂಡೆ ಅಂತ ಒಪ್ಕೊಂಡಿರೋನು ಈ ಬೀದೀಲಿ ನೀನೊಬ್ಬನೇ!"